ತಿದಿಗೆ ಉಸಿರು ತುಂಬುವವರು: ಬ್ಯಾಗ್‌ಪೈಪ್ ಬ್ಯಾಂಡ್ ಸೇರಿದರೆ ಸಿಗುವುದೇನು?

ಸ್ಕಾಟ್ಲೆಂಡಿನಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವುದು ಆಗಸ್ಟ್ ತಿಂಗಳ ಮಧ್ಯಕ್ಕೆ. ಈ ಸಲ ಶಾಲೆ ತೆರೆದ ಎರಡನೇ ವಾರ ಮಕ್ಕಳ ಚೀಲದಲ್ಲಿ ಒಂದು ಚೀಟಿ ಬಂತು: ಬ್ಯಾಗ್‌ಪೈಪ್ ಅಥವಾ ಡ್ರಮ್ ಕಲಿಯುವ ಆಸೆ ಇದ್ದವರು ಹೆಸರು ಕೊಡಬಹುದು, ಪಾಠ ಉಚಿತ, ಚೆನ್ನಾಗಿ ಕಲಿತವರಿಗೆ ಊರಿನ ಬ್ಯಾಂಡಿನಲ್ಲಿ ಜಾಗ. ಅದೇ ಸಂಜೆ ನಮ್ಮ ಪಟ್ಟಣದ ಮೂರು ಕನ್ನಡದ ಮನೆಗಳಿಂದ ನನಗೆ ಫೋನು. ಒಬ್ಬ ತಂಗಿ ಮಗಳ ವಿಷಯಕ್ಕೆ ಕೇಳಿದ್ದು ಹೀಗೆ:

"ಅಣ್ಣಾ, ನೀವು ಆ ಬ್ಯಾಂಡಲ್ಲಿ ಊದ್ತೀರಲ್ಲ, ಅದಕ್ಕೇ ಕೇಳ್ತಿದೀನಿ. ಇವಳು ಹಟ ಹಿಡಿದು ಕೂತಿದಾಳೆ. ವಯಲಿನ್ ಆಗಿದ್ರೆ ಸರಿ ಅಂತಿದ್ದೆ. ಇದನ್ನ ಕಲಿತು ಏನು ಮಾಡೋದು?"

ಐದು ವರ್ಷದಿಂದ ನಾನು ಈ ಊರಿನ ಹವ್ಯಾಸಿ ಬ್ಯಾಂಡಿನಲ್ಲಿ ನುಡಿಸುತ್ತಿದ್ದೇನೆ. ಆದರೂ ಆ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಹೊಳೆಯಲಿಲ್ಲ. ಈ ವಾದ್ಯದಿಂದ ಸಿಗುವುದೇನು ಎಂದು ಹೇಳಬೇಕಾದರೆ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ದೂರದಿಂದ ಕೇಳುವವರಿಗೆ ಇದು ಬರೀ ಗದ್ದಲ.

ನಾಲ್ಕು ಕೊಳವೆ, ಒಂದು ತಿದಿ

ಕಮ್ಮಾರನ ಕುಲುಮೆಯ ಪಕ್ಕದ ತಿದಿಯನ್ನು ನೆನಪಿಸಿಕೊಳ್ಳಿ. ಒತ್ತಿದರೆ ಗಾಳಿ ಒಂದೇ ಸಮ ಹೊರಬರುತ್ತದೆ, ಕೆಂಡ ಕಾಯುತ್ತದೆ. ಬ್ಯಾಗ್‌ಪೈಪಿನ ಬ್ಯಾಗ್ ಅಂಥದ್ದೇ ಒಂದು ತಿದಿ. ಹಿಂದೆ ಕುರಿ, ಹಸುವಿನ ಚರ್ಮದಲ್ಲಿ ಹೊಲಿಯುತ್ತಿದ್ದರು, ಈಗ ತೇವವನ್ನು ಹೊರಬಿಡುವ ಕೃತಕ ಬಟ್ಟೆಯವೂ ಬಂದಿವೆ. ನುಡಿಸುವವರು ಇದನ್ನು ಎಡ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

ತಿದಿಗೆ ಗಾಳಿ ಹೋಗುವುದು ಬಾಯಲ್ಲಿಡುವ ಊದುಗೊಳವೆಯಿಂದ. ಅದರ ಒಳತುದಿಯಲ್ಲಿ ಒಂದು ಕವಾಟ ಇರುತ್ತದೆ. ಒಳಗೆ ಹೋದ ಗಾಳಿಯನ್ನು ಅದು ಬಾಯಿಗೆ ವಾಪಸು ಬಿಡುವುದಿಲ್ಲ. ತಿದಿಯ ಗಾಳಿಗೆ ಹೊರಹೋಗಲು ಇರುವ ದಾರಿ ನಾಲ್ಕು. ಮೂರು ಉದ್ದ ಕೊಳವೆಗಳು ಭುಜದ ಮೇಲೆ ಒರಗಿರುತ್ತವೆ, ಅವು ಡ್ರೋನ್‌ಗಳು. ನಾಲ್ಕನೆಯದು ಎದೆಯ ಮುಂದೆ ಇಳಿಬಿದ್ದ, ಬೆರಳಾಡಿಸುವ ರಂಧ್ರಗಳಿರುವ ಚಾಂಟರ್. ನಾಲ್ಕರ ಬುಡದಲ್ಲೂ ಗಾಳಿಗೆ ಅದುರಿ ನಾದ ಹುಟ್ಟಿಸುವ ಒಂದೊಂದು ರೀಡ್ ಇದೆ. ಚಾಂಟರಿನ ರೀಡ್ ನಮ್ಮ ಓಲಗದವರು ತುಟಿಗಿಡುವ ಸೀವಾಳಿಯ ಹಾಗೆ ಎದುರುಬದುರಾಗಿ ಕಟ್ಟಿದ ಎರಡು ತೆಳು ಎಸಳುಗಳು. ಓಲಗದಲ್ಲಿ ಅದು ತುಟಿಗಳ ನಡುವೆ ಇರುತ್ತದೆ, ಇಲ್ಲಿ ತಿದಿಯ ಒಳಗೆ ಅಡಗಿರುತ್ತದೆ. ತುಟಿಯಾಗಲಿ ನಾಲಗೆಯಾಗಲಿ ಅದನ್ನು ಮುಟ್ಟುವಂತಿಲ್ಲ. ಮುಂದೆ ಹೇಳುವ ಬಹುಪಾಲು ಸಂಗತಿಗಳು ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಊದುವವರು ಉಸಿರು ಎಳೆದುಕೊಳ್ಳುವಾಗಲೂ ನಾದ ಏಕೆ ನಿಲ್ಲುವುದಿಲ್ಲ? ಉಸಿರು ಬಿಡುವಾಗ ಬಾಯಿಂದ ತಿದಿಗೆ ಗಾಳಿ, ಉಸಿರು ಎಳೆಯುವಾಗ ಮೊಳಕೈಯಿಂದ ತಿದಿಗೆ ಒತ್ತು. ಎರಡೂ ಸರದಿಯ ಮೇಲೆ ನಡೆಯುತ್ತವೆ. ರೀಡುಗಳಿಗೆ ಮಾತ್ರ ಈ ಬದಲಾವಣೆ ಗೊತ್ತಾಗಬಾರದು. ಗಾಳಿಯ ಒತ್ತಡ ಸ್ವಲ್ಪ ಏರಿದರೆ ಚಾಂಟರಿನ ಸ್ವರ ಮೇಲೆ ಜಾರುತ್ತದೆ, ಇಳಿದರೆ ಕುಸಿಯುತ್ತದೆ, ಇನ್ನೂ ಇಳಿದರೆ ಕೀರಲು ದನಿ ಹೊರಟು ನಿಂತೇ ಹೋಗುತ್ತದೆ. ಬಾಯಿಂದ ಕೈಗೆ, ಕೈಯಿಂದ ಬಾಯಿಗೆ ಕೆಲಸ ದಾಟುವ ಆ ಕ್ಷಣದಲ್ಲೂ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿಯುವುದಕ್ಕೆ ಇಲ್ಲಿನವರು 'ಸಮ ಊದುವುದು' ಎಂಬರ್ಥದ ಮಾತು ಬಳಸುತ್ತಾರೆ. ಬೆರಳು ಎಷ್ಟೇ ಚುರುಕಾಗಿರಲಿ, ಸಮ ಊದಲು ಬಾರದವರನ್ನು ಬ್ಯಾಂಡಿನ ಸಾಲಿಗೆ ತೆಗೆದುಕೊಳ್ಳುವುದಿಲ್ಲ.

ತಿದಿ ಕಟ್ಟಿದ ವಾದ್ಯ ಸ್ಕಾಟ್ಲೆಂಡ್ ಒಂದರದ್ದೇ ಅಲ್ಲ. ಸ್ಪೇನಿನಲ್ಲಿ ಗೈತಾ, ಬಲ್ಗೇರಿಯಾದಲ್ಲಿ ಗೈದಾ, ನಮ್ಮ ನೆರೆಯ ಆಂಧ್ರದಲ್ಲಿ ಮೇಕೆಯ ಇಡೀ ಚರ್ಮದಿಂದ ಮಾಡುವ ತಿತ್ತಿ. ಪ್ರಪಂಚದಲ್ಲೆಲ್ಲ ಹೆಚ್ಚಿನ ಬ್ಯಾಂಡುಗಳು ನುಡಿಸುವುದು ಮಾತ್ರ ಸ್ಕಾಟ್ಲೆಂಡಿನ ಗ್ರೇಟ್ ಹೈಲ್ಯಾಂಡ್ ಬ್ಯಾಗ್‌ಪೈಪ್ ಎಂಬ ದೊಡ್ಡ ವಾದ್ಯವನ್ನು. ಈ ಲೇಖನವೂ ಅದರ ಕುರಿತದ್ದೇ.

ನಿಲ್ಲದ ಶ್ರುತಿ, ಒಂಬತ್ತೇ ಸ್ವರ

ಡ್ರೋನ್ ಎಂದರೆ ಏನೆಂದು ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಿಲ್ಲ. ತಂಬೂರಿ, ಶ್ರುತಿಪೆಟ್ಟಿಗೆ, ಓಲಗದಲ್ಲಿ ಪಕ್ಕದಲ್ಲಿ ನಿಂತು ಶ್ರುತಿ ಹಿಡಿಯುವವರು ಮಾಡುವ ಕೆಲಸವನ್ನೇ ಆ ಮೂರು ಕೊಳವೆಗಳು ಮಾಡುತ್ತವೆ. ಎರಡು ಟೆನರ್ ಡ್ರೋನ್‌ಗಳು ಚಾಂಟರಿನ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ, ಉದ್ದನೆಯ ಬೇಸ್ ಡ್ರೋನ್ ಎರಡು ಸ್ಥಾಯಿ ಕೆಳಗೆ ನಿಲ್ಲುತ್ತವೆ. ಪಂಚಮವಿಲ್ಲ, ಮೂರರಲ್ಲೂ ಷಡ್ಜವೇ.

ಚಾಂಟರಿನಲ್ಲಿ ಇರುವುದು ಒಂಬತ್ತು ಸ್ವರ. ಇಲ್ಲಿನವರು ಅವನ್ನು ಲೋ ಜೀ, ಲೋ ಏ, ಬೀ, ಸೀ, ಡೀ, ಈ, ಎಫ್, ಹೈ ಜೀ, ಹೈ ಏ ಎನ್ನುತ್ತಾರೆ. ಲೋ ಏ ಎಂಬುದನ್ನು ಷಡ್ಜ ಎಂದಿಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಅದು ಹೀಗಾಗುತ್ತದೆ: ಕೆಳಗೊಂದು ಮಂದ್ರ ನಿಷಾದ, ಆಮೇಲೆ ಸ ರಿ ಗ ಮ ಪ ದ ನಿ, ಕೊನೆಗೆ ತಾರ ಷಡ್ಜ. ಅಂತರ ಗಾಂಧಾರ, ಶುದ್ಧ ಮಧ್ಯಮ, ಕೈಶಿಕಿ ನಿಷಾದ. ಅಂದರೆ ಹರಿಕಾಂಭೋಜಿಯ ಸ್ವರಗಳು, ಹಿಂದೂಸ್ತಾನಿಯವರಿಗೆ ಖಮಾಜ್ ಥಾಟ್. ಈ ಒಂಬತ್ತರಾಚೆಗೆ ವಾದ್ಯದಲ್ಲಿ ಬೇರೆ ಸ್ವರವಿಲ್ಲ ಎಂದೇ ಹೇಳಬಹುದು. ಎಷ್ಟೋ ಧಾಟಿಗಳು ಐದೇ ಸ್ವರಗಳಲ್ಲಿ ಓಡಾಡುತ್ತವೆ. ಮೊದಲ ಸಲ ಕೇಳಿದ ನಮ್ಮವರು ಕೆಲವರು "ಇದು ಮೋಹನ ಇದ್ದ ಹಾಗಿದೆಯಲ್ಲ" ಎನ್ನುವುದು ಅದಕ್ಕೇ.

ಪಿಯಾನೊದಲ್ಲಿ ಸ್ವರಗಳ ಅಂತರವನ್ನು ಹನ್ನೆರಡು ಸಮಪಾಲು ಮಾಡಿ ಹಂಚಿರುತ್ತಾರೆ. ಬ್ಯಾಗ್‌ಪೈಪಿನಲ್ಲಿ ಹಾಗಲ್ಲ. ನಿರಂತರ ಮೊಳಗುವ ಷಡ್ಜದ ಎದುರು ಪ್ರತಿ ಸ್ವರವೂ ಕೂಡಿಕೊಳ್ಳುವ ಹಾಗೆ ಶ್ರುತಿ ಮಾಡುತ್ತಾರೆ. ತಂಬೂರಿಯ ಜೊತೆ ಹಾಡುವವರು ಗಾಂಧಾರವನ್ನು ಅದರ ಜಾಗದಲ್ಲಿ ಕೂರಿಸುವುದೂ ಹೀಗೆಯೇ. ಪಿಯಾನೊಗೆ ಒಗ್ಗಿದ ಕಿವಿಗೆ ಬ್ಯಾಗ್‌ಪೈಪ್ 'ಸ್ವಲ್ಪ ಅಪಸ್ವರ' ಎನಿಸಲು ಇದೂ ಒಂದು ಕಾರಣ. ತಂಬೂರಿಗೆ ಒಗ್ಗಿದ ಕಿವಿಗೆ ಅಷ್ಟು ತೊಂದರೆ ಆಗುವುದಿಲ್ಲ.

ಸ್ವರಕ್ಕೆ ವ್ಯಂಜನ ಹಚ್ಚುವುದು

ಇಲ್ಲೊಂದು ಸಮಸ್ಯೆ ಇದೆ, ಅದಕ್ಕೆ ಕಂಡುಕೊಂಡ ಪರಿಹಾರವೇ ಈ ಸಂಗೀತದ ಜೀವ.

ನಾದ ನಿಲ್ಲುವುದೇ ಇಲ್ಲ ಎಂದಮೇಲೆ ಒಂದೇ ಸ್ವರವನ್ನು ಮೂರು ಸಲ ನುಡಿಸುವುದು ಹೇಗೆ? ಕೊಳಲಾದರೆ ನಾಲಗೆಯಿಂದ ತಡೆದು "ತು ತು ತು" ಎನ್ನಬಹುದು. ಇಲ್ಲಿ ರೀಡು ನಾಲಗೆಗೆ ಸಿಗುವುದಿಲ್ಲ. ಜೋರು, ಮೆಲ್ಲಗೆ ಎಂಬುದೂ ಇಲ್ಲ, ಇಡೀ ಧಾಟಿ ಒಂದೇ ಗಟ್ಟಿತನದಲ್ಲಿ ಸಾಗುತ್ತದೆ. ನೀವೇ ಒಂದು ಸಲ ಉಸಿರು ನಿಲ್ಲಿಸದೆ "ಆ ಆ ಆ" ಎಂದು ನೋಡಿ. ಮೂರು ಆ ಹೋಗಿ ಒಂದು ಉದ್ದ ಆ ಆಗುತ್ತದೆ. ಅದನ್ನು ಮೂರಾಗಿ ಒಡೆಯಲು ವ್ಯಂಜನ ಬೇಕು: "ತಾ ತಾ ತಾ".

ಬ್ಯಾಗ್‌ಪೈಪಿನಲ್ಲಿ ಆ ವ್ಯಂಜನದ ಕೆಲಸ ಮಾಡುವುದು ಗ್ರೇಸ್ ನೋಟ್ ಎಂಬ ಕಿರುಸ್ವರ. ಒಂದು ಬೆರಳನ್ನು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಎತ್ತಿ ಇಡುತ್ತಾರೆ. ಬೇರೊಂದು ಸ್ವರ ಮಿಂಚಿ ಮಾಯವಾಗುತ್ತದೆ. ಕೇಳುವವರಿಗೆ ಅದು ಸ್ವರವಾಗಿ ಕೇಳಿಸದು, ಒಂದು ಬಡಿತವಾಗಿ ಕೇಳಿಸುತ್ತದೆ. ಎರಡು ಮೂರು ಕಿರುಸ್ವರ ಸೇರಿ ಒತ್ತಕ್ಷರಗಳಂಥ ಗುಂಪುಗಳಾಗುತ್ತವೆ: ಡಬ್ಲಿಂಗ್, ಗ್ರಿಪ್, ಟಾರ್ಲುವಾ, ಕಿರುಬೆರಳನ್ನು ಉಜ್ಜಿ ಎಳೆಯುವ ಬರ್ಲ್. ಜೋರು ಮೆಲ್ಲಗೆ ಮಾಡಲಾಗದ ವಾದ್ಯದಲ್ಲಿ ಯಾವ ಸ್ವರಕ್ಕೆ ಒತ್ತು, ಯಾವುದಕ್ಕಿಲ್ಲ ಎಂದು ಹೇಳುವುದೂ ಇವುಗಳದೇ ಕೆಲಸ.

ನಮ್ಮ ಗಮಕದ ನೆನಪಾದರೆ ಸಹಜ. ಆದರೆ ಗಮಕದಲ್ಲಿ ಸ್ವರ ಬಳುಕುತ್ತದೆ, ಹಾಡುವವರ ಮನೋಧರ್ಮಕ್ಕೆ ಅಲ್ಲಿ ಅವಕಾಶವಿದೆ. ಬ್ಯಾಂಡಿನಲ್ಲಿ ಯಾವ ಸ್ವರಕ್ಕೆ ಯಾವ ಕಿರುಸ್ವರ ಎಂಬುದು ಮೊದಲೇ ಬರೆದಿರುತ್ತದೆ. ಸಾಲಿನಲ್ಲಿ ಊದುವವರೆಲ್ಲರೂ ಅದೇ ಕ್ಷಣಕ್ಕೆ ಅದೇ ಬೆರಳು ಎತ್ತಬೇಕು. ಕೊನ್ನಕ್ಕೋಲಿನಂತೆ ಬಾಯಲ್ಲಿ ಹೇಳಿಕೊಡುವ ಪದ್ಧತಿಯೂ ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡಿನಲ್ಲಿ ಇತ್ತು, ಅದರ ಹೆಸರು ಕ್ಯಾಂಟರಾಕ್. ಧಾಟಿ ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ ಸ್ಕೈ ದ್ವೀಪದ ಮ್ಯಾಕ್‌ಕ್ರಿಮನ್ ಮನೆತನದಂಥ ವಂಶಪಾರಂಪರ್ಯ ಪೈಪರ್‌ಗಳು ಶಿಷ್ಯರಿಗೆ ಅಕ್ಷರಗಳಲ್ಲಿ ಹಾಡಿಯೇ ಕಲಿಸುತ್ತಿದ್ದರು. ಪೀಬ್ರೊಕ್ ಎಂಬ ನಿಧಾನಗತಿಯ ದೊಡ್ಡ ರಚನೆಗಳನ್ನು ಕಲಿಸುವ ಗುರುಗಳು ಇಂದಿಗೂ ಮೊದಲು ಹಾಡಿ ತೋರಿಸುತ್ತಾರೆ.

ಮೊದಲ ವರ್ಷ ತಿದಿಯೇ ಇಲ್ಲ

ಹೆಸರು ಕೊಟ್ಟ ಮಗುವಿಗೆ ಮೊದಲ ದಿನವೇ ಬ್ಯಾಗ್‌ಪೈಪ್ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಬೇಸರಪಟ್ಟುಕೊಂಡು ಬಿಟ್ಟವರನ್ನು ನೋಡಿದ್ದೇನೆ, ಹಾಗಾಗಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೈಗೆ ಬರುವುದು ಪ್ರಾಕ್ಟೀಸ್ ಚಾಂಟರ್ ಎಂಬ ಕೊಳವೆ. ತಿದಿಯಿಲ್ಲ, ಡ್ರೋನ್ ಇಲ್ಲ, ದನಿಯೂ ಮೆಲ್ಲನೆಯದು. ಪಕ್ಕದ ಮನೆಯವರಿಗೆ ತೊಂದರೆಯಾಗದು. ಆರು ತಿಂಗಳು, ಅನೇಕರಿಗೆ ಒಂದು ವರ್ಷ ಅಥವಾ ಹೆಚ್ಚು, ಇದರ ಮೇಲೆಯೇ ಬೆರಳು ತಿರುಗಬೇಕು. ಗುರುಗಳು ಕೈಗೆ ಬಂದ ತಪ್ಪನ್ನು ಈ ಹಂತದಲ್ಲೇ ತಿದ್ದುತ್ತಾರೆ. ಒಮ್ಮೆ ತಿದಿ ಸೇರಿಕೊಂಡರೆ ಬೆರಳಿನ ಕಡೆ ಗಮನ ಕೊಡಲು ಪುರುಸೊತ್ತು ಇರುವುದಿಲ್ಲ.

ಆಮೇಲೆ ನಿಜವಾದ ವಾದ್ಯ. ಅದನ್ನೂ ಒಂದೇ ಸಲಕ್ಕೆ ಪೂರ್ತಿ ಕೊಡುವುದಿಲ್ಲ. ಎರಡು ಡ್ರೋನ್‌ಗಳ ಬಾಯಿಗೆ ಬಿರಡೆ ಹಾಕಿ ಒಂದನ್ನು ಮಾತ್ರ ಬಿಡುತ್ತಾರೆ, ಗಾಳಿ ಕಡಿಮೆ ಸಾಕು. ತುಟಿಯ ಸ್ನಾಯುಗಳು ಗಟ್ಟಿಯಾದ ಹಾಗೆ ಒಂದೊಂದೇ ಬಿರಡೆ ತೆಗೆಯುತ್ತಾರೆ. ನನಗೆ ಮೂರೂ ಡ್ರೋನ್ ತೆರೆದು ಮಾರ್ಚ್ ಎಂಬ ನಡಿಗೆಯ ಧಾಟಿಯೊಂದನ್ನು ಪೂರ್ತಿ ನುಡಿಸಲು ಹಿಡಿದದ್ದು ಹತ್ತೊಂಬತ್ತು ತಿಂಗಳು. ಆವತ್ತು ನಿಂತಿದ್ದುದು ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಕೊನೆಯ ಸ್ವರ ಮುಗಿಸಿ ತಿದಿಯನ್ನು ಇಳಿಸಿದಾಗ ತುಟಿ ಮರಗಟ್ಟಿತ್ತು, ಎಡಗೈ ನಡುಗುತ್ತಿತ್ತು, ಮನಸ್ಸು ತುಂಬಿತ್ತು.

ಬ್ಯಾಂಡ್ ಹುಟ್ಟಿದ್ದು

ಹಿಂದೆ ಪೈಪರ್ ಒಂಟಿ ಕಲಾವಿದ. ಪೈಪು ಮತ್ತು ಡ್ರಮ್ ಸೇರಿಸಿ ಸಾಲು ಕಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ. ಅಲ್ಲಿಂದ ಅದು ಪೊಲೀಸರಿಗೆ ಬಂತು. ಗ್ಲಾಸ್ಗೊ ಪಕ್ಕದ ಗೋವನ್ ಪಟ್ಟಣದ ಪೊಲೀಸರು 1883ರಲ್ಲಿ ಬ್ಯಾಂಡ್ ಕಟ್ಟಿದರು. ನಂತರ ಗಣಿ ಕಾರ್ಮಿಕರು, ಕಾರ್ಖಾನೆಯವರು, ಊರಿನವರು. 1930ರಲ್ಲಿ ಸ್ಕಾಟಿಷ್ ಪೈಪ್ ಬ್ಯಾಂಡ್ ಸಂಘ ಹುಟ್ಟಿತು, ಮುಂದೆ ಅದರ ಹೆಸರಿಗೆ 'ರಾಯಲ್' ಸೇರಿತು.

ಸ್ಟುವರ್ಟ್ ರಾಜವಂಶದ ಪರ ಎದ್ದ ಬಂಡಾಯಗಾರರು ಸೋತ 1746ರ ಕುಲೋಡನ್ ಯುದ್ಧದ ನಂತರ ಬ್ರಿಟಿಷ್ ಸರ್ಕಾರ ಬ್ಯಾಗ್‌ಪೈಪನ್ನು ನಿಷೇಧಿಸಿತು ಎಂಬ ಕಥೆ ಎಲ್ಲೆಡೆ ಕೇಳಿಬರುತ್ತದೆ. ಆ ಕಾಲದ ಕಾಯ್ದೆ ಆಯುಧಗಳನ್ನು, ಹೈಲ್ಯಾಂಡಿನ ಉಡುಪನ್ನು ನಿಷೇಧಿಸಿತು. ಅದರಲ್ಲಿ ಬ್ಯಾಗ್‌ಪೈಪಿನ ಹೆಸರಿಲ್ಲ. ಜೇಮ್ಸ್ ರೀಡ್ ಎಂಬ ಪೈಪರ್‌ನನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದ್ದು ಮಾತ್ರ ನಿಜ. ಅವನು ಬಂಡಾಯ ಸೈನ್ಯದ ಜೊತೆ ಇದ್ದ ಎಂಬುದು ಅವನ ಮೇಲಿದ್ದ ಆರೋಪ.

ನಲವತ್ತೆಂಟು ರೀಡು, ಒಂದು ನಾದ

ಬ್ಯಾಂಡಿನಲ್ಲಿ ಯಾರ್ಯಾರಿರುತ್ತಾರೆ? ಪೈಪರ್‌ಗಳ ಸಾಲು, ಅವರ ಮುಖ್ಯಸ್ಥ ಪೈಪ್ ಮೇಜರ್. ತಾಳದ ಕಡೆ ಚಟಪಟ ಸಿಡಿಯುವ ಸ್ನೇರ್ ಡ್ರಮ್‌ಗಳು, ಮೆತ್ತನೆ ತುದಿಯ ಕೋಲುಗಳನ್ನು ಗಾಳಿಯಲ್ಲಿ ಬೀಸಿ ಬಾರಿಸುವ ಟೆನರ್ ಡ್ರಮ್‌ಗಳು, ನಡುವೆ ಒಂದು ಬೇಸ್ ಡ್ರಮ್. ಮೆರವಣಿಗೆಯಾದರೆ ಮುಂದೆ ದಂಡ ಹಿಡಿದ ಡ್ರಮ್ ಮೇಜರ್.

ಹನ್ನೆರಡು ಪೈಪರ್‌ಗಳ ಬ್ಯಾಂಡ್ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ ನಾಲ್ಕು ರೀಡು, ಒಟ್ಟು 48. ಹನ್ನೆರಡು ಜನರೂ ಒಂದೇ ಧಾಟಿಯನ್ನು ಒಂದೇ ಸ್ಥಾಯಿಯಲ್ಲಿ ನುಡಿಸುತ್ತಾರೆ. ಮಧ್ಯೆ ಸ್ವಲ್ಪ ಹೊತ್ತು ಕೆಲವರು ಬೇರೆ ಸ್ವರ ಸೇರಿಸುವುದುಂಟು, ಅಷ್ಟೇ. ಬೇರೆ ಬೇರೆ ಕೊಠಡಿಗಳಲ್ಲಿ ಹನ್ನೆರಡು ಗಡಿಯಾರ ಹೊಂದಿಸುವುದು ಇದಕ್ಕಿಂತ ಸುಲಭ. ಇಲ್ಲಿ ಪ್ರತಿ ರೀಡೂ ಒದ್ದೆಯಾಗುತ್ತದೆ, ವಾದ್ಯ ಬೆಚ್ಚಗಾದಂತೆ ಶ್ರುತಿ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ, ಏರಿಳಿತವೂ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ.

ಶ್ರುತಿ ಕೂಡಿಲ್ಲ ಎಂದು ಗೊತ್ತಾಗುವುದು ಹೇಗೆ? ಒಂದು ಟೆನರ್ ಡ್ರೋನ್ ಸೆಕೆಂಡಿಗೆ 240 ಸಲ ಕಂಪಿಸುತ್ತಿದೆ, ಪಕ್ಕದವರದು 241 ಸಲ ಎನ್ನಿ. ಎರಡೂ ಒಮ್ಮೆ ಒಂದರ ಮೇಲೊಂದು ಬಿದ್ದು ನಾದ ಉಬ್ಬುತ್ತದೆ, ಇನ್ನೊಮ್ಮೆ ಒಂದನ್ನೊಂದು ಅಳಿಸಿ ಇಳಿಯುತ್ತದೆ. ಸೆಕೆಂಡಿಗೊಂದರಂತೆ "ವಾಂವ್... ವಾಂವ್" ಎಂಬ ಅಲೆ. ತಂಬೂರಿಯ ಎರಡು ತಂತಿ ಹೊಂದಿಸುವಾಗಲೂ ಇದೇ ಅಲೆ ಕೇಳಿಸುತ್ತದೆ. ವ್ಯತ್ಯಾಸ ಕಡಿಮೆಯಾದಂತೆ ಅಲೆ ನಿಧಾನವಾಗುತ್ತದೆ. ಕೂಡಿದಾಗ ನಿಂತುಬಿಡುತ್ತದೆ.

ನಮ್ಮ ಬ್ಯಾಂಡಿನ ಅಭ್ಯಾಸ ಬುಧವಾರ ಸಂಜೆ, ಚರ್ಚಿನ ಹಿಂದಿನ ಹಾಲಿನಲ್ಲಿ. ಮೊದಲ ಮುಕ್ಕಾಲು ಗಂಟೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತು ಪ್ರಾಕ್ಟೀಸ್ ಚಾಂಟರಿನಲ್ಲಿ ಧಾಟಿ ತಿದ್ದಿಕೊಳ್ಳುತ್ತೇವೆ. ಹದಿಮೂರರ ಹುಡುಗಿ, ನಲ್ಲಿ ರಿಪೇರಿ ಮಾಡುವವರು, ರಾತ್ರಿಪಾಳಿಗೆ ಹೊರಡುವ ನರ್ಸ್, ಎಪ್ಪತ್ತು ದಾಟಿದ ನಿವೃತ್ತ ಅಂಚೆಯವರು, ಎಲ್ಲರ ಕಾಲೂ ಮೇಜಿನ ಕೆಳಗೆ ಒಂದೇ ತಾಳಕ್ಕೆ ಬಡಿಯುತ್ತಿರುತ್ತವೆ. ಆಮೇಲೆ ಪೈಪು ಎತ್ತಿ ವೃತ್ತವಾಗಿ ನಿಲ್ಲುತ್ತೇವೆ. ಪೈಪ್ ಮೇಜರ್ ಒಬ್ಬೊಬ್ಬರ ಎದುರು ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ಚಾಂಟರಿನ ಸ್ವರ ಮೇಲಿದ್ದರೆ ಆ ರಂಧ್ರದ ಮೇಲಂಚಿಗೆ ಒಂದು ಎಳೆ ಟೇಪ್. ಡ್ರೋನ್ ಮೇಲಿದ್ದರೆ ಅದರ ಮೇಲ್ತುಂಡನ್ನು ಕೂದಲೆಳೆಯಷ್ಟು ಮೇಲಕ್ಕೆ ಜಾರಿಸುತ್ತಾರೆ, ಕೊಳವೆ ಉದ್ದವಾದರೆ ದನಿ ಇಳಿಯುತ್ತದೆ. ಆ ತುಂಡುಗಳು ಸಡಿಲವಾಗದ ಹಾಗೆ ಕೀಲಿಗೆ ಮೇಣ ಹಚ್ಚಿದ ಸೆಣಬಿನ ದಾರ ಸುತ್ತಿರುತ್ತಾರೆ. ಚಳಿಗಾಲದಲ್ಲಿ ಬರೀ ಇಷ್ಟಕ್ಕೇ ಅರ್ಧ ಗಂಟೆ ಹೋಗುತ್ತದೆ.

ಕೆಲವು ಸಂಜೆ ಅಲೆ ನಿಲ್ಲುವುದೇ ಇಲ್ಲ. ಕೆಲವು ಸಂಜೆ ನಿಲ್ಲುತ್ತದೆ. ನಿಂತಾಗ ಮೊದಲು ಗೊತ್ತಾಗುವುದು ಕಿವಿಗಲ್ಲ, ಎದೆಗೂಡಿಗೆ. ಕಾಲಡಿಯ ಹಲಗೆ ಗುನುಗುತ್ತದೆ. ನಿಮ್ಮ ವಾದ್ಯದ ದನಿ ನಿಮಗೇ ಕೇಳಿಸದಾಗುತ್ತದೆ, ಅದು ಉಳಿದ ಹನ್ನೊಂದರೊಳಗೆ ಸೇರಿಹೋಗಿರುತ್ತದೆ. ಒಬ್ಬರೇ ಎಷ್ಟು ಚೆನ್ನಾಗಿ ನುಡಿಸಿದರೂ ಇದು ಸಿಗುವುದಿಲ್ಲ. ಬ್ಯಾಂಡಿನಲ್ಲಿರುವವರು ವರ್ಷಗಟ್ಟಲೆ ಬಿಡದೆ ಬರುವುದು ಏಕೆಂದು ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಕಾರಣ ಇದು.

ದರ್ಜೆ ಮತ್ತು ತೀರ್ಪು

ಹವ್ಯಾಸಿ ಎಂದರೆ ಇಲ್ಲಿ ಏನರ್ಥ? ನುಡಿಸಿದ್ದಕ್ಕೆ ಸಂಬಳವಿಲ್ಲ ಎಂದು. ಕುಶಲತೆ ಕಡಿಮೆ ಎಂದಲ್ಲ. ಜಗತ್ತಿನ ಅತ್ಯುತ್ತಮ ಬ್ಯಾಂಡುಗಳಲ್ಲೂ ಬಹುತೇಕರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರೇ.

ಸಂಘದ ಸ್ಪರ್ಧೆಗಳಲ್ಲಿ ಬ್ಯಾಂಡುಗಳನ್ನು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೇಲೆ ಒಂದನೇ ದರ್ಜೆ, ಎರಡನೇ ದರ್ಜೆ, ಆಮೇಲೆ 3ಎ, 3ಬಿ, 4ಎ, 4ಬಿ. ಮಕ್ಕಳ ಬ್ಯಾಂಡುಗಳಿಗೆ ಬೇರೆ ವಿಭಾಗಗಳಿವೆ. ಗೆಲ್ಲುತ್ತ ಹೋದರೆ ಮೇಲಿನ ದರ್ಜೆಗೆ ಬಡ್ತಿ. ಕೆಳದರ್ಜೆಯವರು ಸರಳ ಮಾರ್ಚ್‌ಗಳನ್ನು ನುಡಿಸಿದರೆ ಸಾಕು. ಒಂದನೇ ದರ್ಜೆಯವರು ಮಾರ್ಚ್, ಕುಂಟುವ ನಡೆಯ ಸ್ಟ್ರಾತ್‌ಸ್ಪೇ, ಓಡುವ ರೀಲ್ ಮೂರನ್ನೂ ನಿಲ್ಲಿಸದೆ ಒಂದರಿಂದ ಒಂದಕ್ಕೆ ದಾಟಿ ನುಡಿಸಬೇಕು. ಅದಲ್ಲದೆ ಹಲವು ಧಾಟಿಗಳನ್ನು ಸೇರಿಸಿ ತಾವೇ ಹೆಣೆದ ಮೆಡ್ಲಿಯೂ ಇರುತ್ತದೆ.

ಸ್ಪರ್ಧೆಯ ಆರಂಭವನ್ನು ಗಮನಿಸಿದರೆ ಅದರ ಕಷ್ಟ ತಿಳಿಯುತ್ತದೆ. ಡ್ರಮ್ ಎರಡು ಸಲ ಉರುಳುತ್ತದೆ. ಅಷ್ಟರಲ್ಲಿ ಎಲ್ಲರೂ ತಿದಿಗೆ ಹೊಡೆದು ಡ್ರೋನ್‌ಗಳನ್ನು ಒಟ್ಟಿಗೆ ಎಬ್ಬಿಸಬೇಕು, ನಂತರ ಚಾಂಟರಿನ ಪಂಚಮ ಒಂದೇ ಕ್ಷಣಕ್ಕೆ ಹುಟ್ಟಬೇಕು, ಹೆಜ್ಜೆಯೂ ಜೊತೆಗೇ ಏಳಬೇಕು. ನಡೆದು ಬಂದು ವೃತ್ತ ಕಟ್ಟಿ, ಮುಖ ಒಳಗೆ ಮಾಡಿ ನಿಲ್ಲುವುದು ವಾಡಿಕೆ. ತೀರ್ಪುಗಾರರು ಹೊರಗಿನಿಂದ ಸುತ್ತು ಹಾಕುತ್ತಾರೆ: ಇಬ್ಬರು ಪೈಪಿಗೆ, ಒಬ್ಬರು ಡ್ರಮ್ಮಿಗೆ, ಒಬ್ಬರು ಒಟ್ಟಂದಕ್ಕೆ. ಎಲ್ಲವನ್ನೂ ಬಾಯಿಪಾಠದಿಂದಲೇ ನುಡಿಸಬೇಕು, ಎದುರಿಗೆ ಹಾಳೆ ಇರುವುದಿಲ್ಲ.

ಮುಕ್ತಾಯವೂ ಹಾಗೆಯೇ, ಎಲ್ಲ ರೀಡುಗಳೂ ಕತ್ತರಿಸಿದ ಹಾಗೆ ಒಮ್ಮೆಲೇ ನಿಲ್ಲಬೇಕು. ನನ್ನ ಮೊದಲ ಸ್ಪರ್ಧೆಯಲ್ಲಿ ಅದು ನನ್ನಿಂದ ಆಗಲಿಲ್ಲ. ಎಲ್ಲರದೂ ನಿಂತ ಮೇಲೆ ನನ್ನ ಬೇಸ್ ಡ್ರೋನ್ ಒಂದು ಕ್ಷಣ ಒಂಟಿಯಾಗಿ ನರಳಿತು. ವರ್ಷವಿಡೀ ದುಡಿದ ಬ್ಯಾಂಡಿಗೆ ಅಂಕ ಹೋಯಿತು ಎಂದು ನನಗೆ ಅಳು ಬರುವುದೊಂದು ಬಾಕಿ. ಮೈದಾನದಿಂದ ಹೊರಗೆ ಬಂದ ಮೇಲೆ ಆ ನಿವೃತ್ತ ಅಂಚೆಯವರು ಹೆಗಲ ಮೇಲೆ ಕೈಯಿಟ್ಟು, "ನನ್ನದು ಹಾಗಾದಾಗ ನೀವಿನ್ನೂ ಹುಟ್ಟಿರಲಿಲ್ಲ. ಬನ್ನಿ, ಚಹಾ ಕುಡಿಯೋಣ" ಎಂದರು.

ಪ್ರತಿ ಆಗಸ್ಟ್‌ನಲ್ಲಿ ಗ್ಲಾಸ್ಗೊ ಗ್ರೀನ್ ಎಂಬ ಉದ್ಯಾನದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಸುಮಾರು 200 ಬ್ಯಾಂಡುಗಳು ಸೇರುತ್ತವೆ. 1987ರಲ್ಲಿ ಕೆನಡಾದ ಒಂಟಾರಿಯೊದ 78ನೇ ಫ್ರೇಸರ್ ಹೈಲ್ಯಾಂಡರ್ಸ್ ಒಂದನೇ ದರ್ಜೆ ಗೆದ್ದಾಗ, ಸ್ಕಾಟ್ಲೆಂಡಿನ ಹೊರಗಿನ ಬ್ಯಾಂಡಿಗೆ ಅದು ಮೊದಲ ಗೆಲುವು. ಅದೇ ದೇಶದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ಯಾಂಡ್ 1995ರಿಂದ 2009ರೊಳಗೆ ಆರು ಸಲ ಗೆದ್ದಿತು. ಜಾಗತಿಕ ಚಾಂಪಿಯನ್ನರು ಶ್ರುತಿ ಮಾಡುವ ಅದೇ ಮರದ ನೆರಳಲ್ಲಿ 4ಬಿ ದರ್ಜೆಯ ಊರಬ್ಯಾಂಡೂ ನಿಂತು ಶ್ರುತಿ ಮಾಡುತ್ತದೆ. ಹವ್ಯಾಸಿಗೆ ಇಂಥ ನೆರೆ ಸಿಗುವ ಕ್ಷೇತ್ರಗಳು ಹೆಚ್ಚಿಲ್ಲ.

ಊರಿನ ಸುಖದುಃಖದಲ್ಲಿ

ಸ್ಪರ್ಧೆಗೆ ಹೋಗದ ಬ್ಯಾಂಡುಗಳೂ ಇವೆ. ಅವುಗಳಿಗೆ ಕೆಲಸ ಕಡಿಮೆಯೇನಲ್ಲ. ಜನವರಿ 25ಕ್ಕೆ ಕವಿ ರಾಬರ್ಟ್ ಬರ್ನ್ಸ್ ಹುಟ್ಟುಹಬ್ಬದ ಊಟ, ಬೇಸಿಗೆಯಲ್ಲಿ ಊರಹಬ್ಬದ ಮೆರವಣಿಗೆ, ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆ, ಆಗಾಗ ಮದುವೆ, ಆಗಾಗ ಮಣ್ಣು. ನಮ್ಮ ಹಳ್ಳಿಗಳಲ್ಲಿ ಓಲಗದವರಿಲ್ಲದೆ ಮದುವೆ ದಿಬ್ಬಣ ಹೊರಡುವುದಿಲ್ಲ. ಇಲ್ಲಿ ಆ ಜಾಗ ಪೈಪಿನವರದು. ಪರದೇಶದಿಂದ ಬಂದು ನೆಲೆಸಿದವರಿಗೆ ಇದರ ಬೆಲೆ ಬೇರೆಯೇ. ಐದು ವರ್ಷದ ಹಿಂದೆ ನನ್ನ ಹೆಸರು ಗೊತ್ತಿಲ್ಲದ ಬೀದಿಯಲ್ಲಿ ಈಗ ಜನ ನಿಲ್ಲಿಸಿ ಮಾತಾಡಿಸುತ್ತಾರೆ, ತಮ್ಮ ಅಜ್ಜನ ಹಳೆಯ ಪೈಪು ಅಟ್ಟದಲ್ಲಿದೆ, ಬಂದು ನೋಡುತ್ತೀರಾ ಎಂದು ಕೇಳುತ್ತಾರೆ.

ಮಕ್ಕಳಿಗಂತೂ ಅಪ್ಪ ಅಮ್ಮನ ವಯಸ್ಸಿನವರ ಜೊತೆ ಸಮನಾಗಿ ನಿಲ್ಲುವ ಅವಕಾಶ ಬೇರೆಲ್ಲೂ ಇಷ್ಟು ಸುಲಭಕ್ಕೆ ಸಿಗದು. ವೃತ್ತದಲ್ಲಿ ಹದಿಮೂರರ ಹುಡುಗಿಯ ಡ್ರೋನಿಗೂ ಪೈಪ್ ಮೇಜರ್ ಡ್ರೋನಿಗೂ ಒಂದೇ ನಿಯಮ.

ಖರ್ಚು, ಕಿವಿ, ಶ್ವಾಸಕೋಶ

ಪ್ರಾಕ್ಟೀಸ್ ಚಾಂಟರಿಗೆ ಹೆಚ್ಚು ದುಡ್ಡು ಬೇಡ. ಹೊಸ ಪೂರ್ತಿ ವಾದ್ಯಕ್ಕೆ ಸುಮಾರು 1000 ಪೌಂಡ್ ಮತ್ತು ಅದರ ಮೇಲೆ. ಒಳ್ಳೆಯವನ್ನು ಆಫ್ರಿಕಾದ ಕರಿಮರದಲ್ಲಿ ಕಡೆಯುತ್ತಾರೆ. ಬಹಳಷ್ಟು ಬ್ಯಾಂಡುಗಳು ಕಲಿಯುವವರಿಗೆ ವಾದ್ಯವನ್ನೂ ಕಿಲ್ಟ್ ಸಮವಸ್ತ್ರವನ್ನೂ ಎರವಲು ಕೊಡುತ್ತವೆ. ಹಾಗಾಗಿ ಮೊದಲ ಎರಡು ವರ್ಷ ಏನೂ ಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕಾದ ಪೈಪುಗಳನ್ನಂತೂ ಗುರುಗಳನ್ನು ಕೇಳದೆ ತರಿಸಬೇಡಿ, ಶ್ರುತಿಯೇ ನಿಲ್ಲದ ವಾದ್ಯದಲ್ಲಿ ಮಗು ತನ್ನದೇ ತಪ್ಪೆಂದು ಕುಗ್ಗುತ್ತದೆ.

ಕಿವಿಯ ಹತ್ತಿರ ಇದರ ಸದ್ದು 100 ಡೆಸಿಬೆಲ್ ದಾಟುತ್ತದೆ. ಒಳಾಂಗಣದಲ್ಲಿ ಹತ್ತು ಪೈಪು ಸೇರಿದರೆ ಕೇಳುವುದೇ ಬೇಡ. ಸಂಗೀತಗಾರರಿಗೆಂದೇ ಇರುವ ಕಿವಿಬಿರಡೆ ಮೊದಲ ದಿನದಿಂದಲೇ ಹಾಕಿಸಿ. ಹೋದ ಶ್ರವಣ ಮರಳಿ ಬರುವುದಿಲ್ಲ.

ಇನ್ನೊಂದು ಸ್ವಚ್ಛತೆ. ಬಾಯಿಯ ತೇವ ದಿನವೂ ತಿದಿಯೊಳಗೆ ಸೇರುತ್ತದೆ, ಒರೆಸದಿದ್ದರೆ ಬೂಷ್ಟು ಬೆಳೆಯುತ್ತದೆ. 2016ರಲ್ಲಿ ಥೊರಾಕ್ಸ್ ಎಂಬ ವೈದ್ಯಕೀಯ ಪತ್ರಿಕೆ ಇಂಥ ಪ್ರಕರಣವೊಂದನ್ನು ವರದಿ ಮಾಡಿತು. ವರ್ಷಗಳ ಕಾಲ ಕೆಮ್ಮು, ಉಬ್ಬಸದಿಂದ ನರಳಿ ತೀರಿಕೊಂಡ 61 ವರ್ಷದ ಪೈಪರ್ ಒಬ್ಬರ ವಾದ್ಯದಲ್ಲಿ ಹಲವು ಬಗೆಯ ಶಿಲೀಂಧ್ರಗಳು ಸಿಕ್ಕಿದ್ದವು. ಅವರ ಶ್ವಾಸಕೋಶದ ಅಲರ್ಜಿಗೆ ಅವೇ ಕಾರಣವಿರಬಹುದು ಎಂದು ವೈದ್ಯರು ಬರೆದರು. ಇದು ತೀರ ಅಪರೂಪ, ಹೆದರಬೇಕಿಲ್ಲ. ನುಡಿಸಿದ ಮೇಲೆ ಕೊಳವೆಗಳನ್ನು ಬಿಚ್ಚಿ ಒರೆಸಿ ಒಣಗಲು ಬಿಡುವುದನ್ನು ಮಾತ್ರ ತಪ್ಪಿಸಬಾರದು. ಆಸ್ತಮಾ ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ.

ನಮ್ಮ ಕಡೆಯೂ ಇದೆ

ಈ ವಾದ್ಯ ಬ್ರಿಟಿಷ್ ಸೈನ್ಯದ ಜೊತೆ ಭಾರತಕ್ಕೆ ಬಂದು ಅಲ್ಲೇ ಉಳಿಯಿತು. ಪಾಕಿಸ್ತಾನದ ಸಿಯಾಲ್‌ಕೋಟ್ ಇಂದು ಬ್ಯಾಗ್‌ಪೈಪ್ ತಯಾರಿಕೆಯ ದೊಡ್ಡ ಕೇಂದ್ರ. ಜನವರಿ 29ರಂದು ದೆಹಲಿಯ ವಿಜಯ್ ಚೌಕದ ಬೀಟಿಂಗ್ ರಿಟ್ರೀಟ್‌ನಲ್ಲಿ ನಮ್ಮ ಸೇನೆಯ ಪೈಪ್ ಬ್ಯಾಂಡುಗಳು ನುಡಿಸುವುದನ್ನು ಟೀವಿಯಲ್ಲಿ ನೋಡಿಯೇ ಇರುತ್ತೀರಿ. ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಬಾಲಕರಿಗೆ, ಬಾಲಕಿಯರಿಗೆ ಬೇರೆ ಬೇರೆ ಪೈಪ್ ಬ್ಯಾಂಡ್ ವಿಭಾಗಗಳಿವೆ. ಊರಿನಲ್ಲಿರುವ ಮಕ್ಕಳು ಇದನ್ನು ಕಲಿಯಲು ಸ್ಕಾಟ್ಲೆಂಡಿಗೇ ಬರಬೇಕೆಂದಿಲ್ಲ.

ಫೋನು ಮಾಡಿದ ತಂಗಿ ಚೀಟಿಗೆ ಸಹಿ ಹಾಕಿ, ಕಳೆದ ಬುಧವಾರ ಮಗಳನ್ನು ಹಾಲಿಗೆ ಕರೆತಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತರು. ಪೈಪ್ ಮೇಜರ್ ಆ ಹುಡುಗಿಯ ಕೈಗೆ ಒಂದು ಪ್ರಾಕ್ಟೀಸ್ ಚಾಂಟರ್ ಕೊಟ್ಟು, ಎಡಗೈ ಮೇಲೆ, ಬಲಗೈ ಕೆಳಗೆ ಇಡಿಸಿ, ಎಲ್ಲ ರಂಧ್ರಗಳನ್ನೂ ಮುಚ್ಚಿ ಊದಲು ಹೇಳಿದರು. ಎರಡು ಸಲ ಬರೀ ಗಾಳಿ ಬಂತು. ಮೂರನೇ ಸಲ ಮಂದ್ರ ನಿಷಾದ ಹೊರಟಿತು. "ಈಗ ಬಲಗೈ ಕಿರುಬೆರಳೊಂದನ್ನು ಎತ್ತು" ಎಂದರು. ಎತ್ತಿದಳು. ಷಡ್ಜ ಬಂತು. ಮೇಜಿನ ಸುತ್ತ ಕೂತಿದ್ದವರೆಲ್ಲ ತಮ್ಮ ತಮ್ಮ ಚಾಂಟರ್ ಎತ್ತಿ ಅದೇ ಸ್ವರ ಹಿಡಿದರು.